ಹೊಸಿಲು ದಾಟಿದ ಕೂಸು

ತೊಟ್ಟಿಲಲ್ಲಿ ಮಲಗಿದ ಕೂಸನ್ನು ಪ್ರೀತಿಸಲು ಒಡಹುಟ್ಟಿದವರಿಗೆ ಪ್ರಯಾಸವೇನೂ ಇಲ್ಲ. ಅದು ಅವರ ಯಾವ ವಸ್ತುವನ್ನೂ ಮುಟ್ಟುವುದಿಲ್ಲ. ಅಂಬೆಗಾಲಿಕ್ಕಿದ ದಿನದಿಂದ ಪರೀಕ್ಷೆಯ ಆರಂಭ.

ಭಾರತವೂ ಸೇರಿದಂತೆ 5 ದೇಶಗಳ ಶಿಶುಗಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಂಬೆಗಾಲಿಡುವುದು ಸುಮಾರು 5ರಿಂದ 13 ತಿಂಗಳುಗಳೊಳಗೆ ಎಂದಾದರೂ ಆಗಬಹುದು. ನೂರರಲ್ಲಿ ಸುಮಾರು 4 ಶಿಶುಗಳು ಅಂಬೆಗಾಲಿಡದೆಯೇ ನಡೆಯುತ್ತವೆ.

ಯಲಹಂಕದ ಹಳೆಯ ಪೇಟೆಯ ಮನೆಯೊಂದರ ಹೆಣ್ಣು ಕೂಸು ಒಂಬತ್ತನೆಯ ತಿಂಗಳಿನಲ್ಲಿ ಹೊಸಿಲು ದಾಟಿತು. ಮನೆಯವರು ಸಿಹಿ ಮಾಡಿದರು. ಕೂಸು ಹೋದದ್ದು ನೇರವಾಗಿ ಅಣ್ಣನ ಪುಸ್ತಕಗಳ ಬಳಿಗೆ. ಎಂಟು ವರ್ಷದ ಆ ಬಾಲಕ ಬರೆದಿದ್ದ ಭೂಪಟ ಹರಿಯಿತು. ಅವನು ನೂಕಿದ, ಕೂಸಿನ ತುಟಿ ಒಡೆಯಿತು. "ತಾನೇ ಬಿದ್ದಳು" ಎಂದ. ಆರು ವರ್ಷದ ತಂಗಿ ಎಲ್ಲವನ್ನೂ ಕಂಡಿದ್ದಳು, ಆದರೂ ಸುಮ್ಮನಿದ್ದಳು. ಅದು ಭಯವೋ ಕರುಣೆಯೋ ಹೇಳುವುದು ಕಷ್ಟ.

"ನೀನು ದೊಡ್ಡವನು, ಬಿಟ್ಟುಕೊಡು" ಎನ್ನುವುದು ಹಿರಿಯರ ವಾಡಿಕೆ. ಕಸಿದುಕೊಂಡದ್ದನ್ನು ತ್ಯಾಗವೆನ್ನಲಾದೀತೇ? ಈ ಮನೆಯ ಅಜ್ಜಿ ಹಾಗೆನ್ನಲಿಲ್ಲ. ಗೋಡೆಯ ಗೂಡೊಂದನ್ನು ತೆರವು ಮಾಡಿ, "ಇದು ನಿನ್ನದಪ್ಪಾ, ಕೂಸಿಗೆ ಎಟುಕದು" ಎಂದರು.

ಮರುದಿನ ಬೆಳಿಗ್ಗೆ ಕೂಸು ಊದಿದ ತುಟಿಯಲ್ಲೇ ನಗುತ್ತ ತೆವಳಿ ಬಂದು, ಅಣ್ಣನ ಚಡ್ಡಿ ಹಿಡಿದು ಎದ್ದು ನಿಂತಿತು. ತಾನು ಸರಿದರೆ ಅದು ಬೀಳುವುದೆಂದು ಅವನು ಅಲುಗಾಡಲಿಲ್ಲ. ಅಲ್ಲಿಂದಲೇ ಕೂಗಿದ: "ಅಮ್ಮಾ, ನಿನ್ನೆ ನಾನೇ ನೂಕಿದ್ದು."

ಈಗ ಕೂಸನ್ನು ನೆಲಕ್ಕೆ ಬಿಡುವ ಮುನ್ನ ಅವನು ಪೆನ್ಸಿಲಿನ ಚೂರುಗಳನ್ನು ಆರಿಸುತ್ತಾನೆ. ಇರುವೆಗಳನ್ನು ಕಾಗದದ ಮೇಲೆ ಹತ್ತಿಸಿ ಅಂಗಳಕ್ಕೆ ಬಿಡುವುದು ತಂಗಿಯ ಕೆಲಸ.