ಮೂರು ಸಾವಿರ ವ್ಯಾಟಿನ ಪೆಟ್ಟಿಗೆ, ನೂರು ವ್ಯಾಟಿನ ಮಾತು

ಹ್ಯಾಮ್ ರೇಡಿಯೋ ಇಟ್ಟುಕೊಂಡವರ ಮೇಜಿನ ಮೇಲೆ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದು, ಎಲ್ಲಕ್ಕಿಂತ ಕಡಿಮೆ ಕೆಲಸ ಮಾಡುವಂತೆ ಕಾಣುವ ವಸ್ತು ಆಂಟೆನಾ ಟ್ಯೂನರ್. ಮಾತನ್ನು ಅಲೆಯಾಗಿಸುವುದು ಟ್ರಾನ್ಸ್‌ಮಿಟರ್, ಅಲೆಯನ್ನು ಆಕಾಶಕ್ಕೆ ಬಿಡುವುದು ಮಾಳಿಗೆಯ ಮೇಲಿನ ತಂತಿ. ಇವೆರಡರ ನಡುವೆ ಕೂತ ಈ ಪೆಟ್ಟಿಗೆಯೊಳಗೆ ಇರುವುದು ಎರಡು ಕೆಪಾಸಿಟರ್, ಒಂದು ಕಾಯಿಲ್. ಉಳಿದದ್ದು ಬರೀ ಗಾಳಿ. ಪಾಲ್‌ಸ್ಟಾರ್ ಎಟಿ2ಕೆ, ಹೀತ್‌ಕಿಟ್ ಎಸ್‌ಎ-2060 ತರಹದ ದೊಡ್ಡ ಟ್ಯೂನರುಗಳು ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಹವ್ಯಾಸಿಗೆ 1500 ವ್ಯಾಟ್‌ವರೆಗೆ ಪರವಾನಗಿ ಉಂಟು. ನಮ್ಮಲ್ಲಿ 2009ರ ತಿದ್ದುಪಡಿ ನಿಯಮಗಳು ಜನರಲ್ ದರ್ಜೆಯವರಿಗೆ 400 ವ್ಯಾಟ್, ರಿಸ್ಟ್ರಿಕ್ಟೆಡ್ ದರ್ಜೆಯವರಿಗೆ 50 ವ್ಯಾಟ್ ಎಂದು ಗೆರೆ ಎಳೆದವು. ಸಾಮಾನ್ಯವಾಗಿ ಪೇಟೆಯಲ್ಲಿ ಸಿಗುವ ಸೆಟ್ಟು 100 ವ್ಯಾಟಿನದು. ಹಾಗಿರುವಾಗ ಜಮಖಂಡಿಯಲ್ಲೋ ಬೀಳಗಿಯಲ್ಲೋ ಒಬ್ಬ ಹವ್ಯಾಸಿ ಮೂರು ಸಾವಿರ ವ್ಯಾಟ್ ಎಂದು ಮುಖದ ಮೇಲೆ ಬರೆದುಕೊಂಡ ಟ್ಯೂನರಿಗೆ ಆಸೆಪಟ್ಟರೆ ಅದು ಬರೀ ದೌಲತ್ತು ಎನ್ನುವವರೇ ಹೆಚ್ಚು. ನನ್ನ ವಾದ ಇದಕ್ಕೆ ಪೂರ್ತಿ ಉಲ್ಟಾ. ದೊಡ್ಡ ಟ್ಯೂನರಿನ ನಿಜವಾದ ಗಿರಾಕಿ ಸಣ್ಣ ಪವರಿನ, ಸಣ್ಣ ಜಾಗದ ಮನುಷ್ಯ.

ಮೊದಲು ಅದರ ಕೆಲಸವೇನು ನೋಡೋಣ. ಟ್ರಾನ್ಸ್‌ಮಿಟರ್ ತನ್ನ ಎದುರಿಗೆ 50 ಓಮ್ ಇರಲಿ ಎಂದು ಬಯಸುತ್ತದೆ. ತಂತಿಯ ಓಮ್ ಎಷ್ಟು ಎಂಬುದು ಅದರ ಉದ್ದ, ಎತ್ತರ, ತರಂಗಾಂತರಗಳನ್ನು ಕೇಳಿಕೊಂಡು ಬದಲಾಗುತ್ತದೆ. ಮುಧೋಳದ ಕಡೆ ಜೋಡೆತ್ತಿನಲ್ಲಿ ಒಂದು ಗಟ್ಟಿ, ಒಂದು ಸೊರಗಿದ್ದು ಇದ್ದರೆ ರೈತ ಎತ್ತು ಮಾರುವುದಿಲ್ಲ. ನೊಗಕ್ಕೆ ಕಟ್ಟಿದ ಮಿಣಿಯನ್ನು ಗಟ್ಟಿ ಎತ್ತಿನ ಕಡೆ ತುಸು ಸರಿಸುತ್ತಾನೆ. ಸೊರಗಿದ ಎತ್ತಿಗೆ ನೊಗದ ತೋಳು ಉದ್ದವಾಗಿ ಭಾರ ಹಗುರಾಗುತ್ತದೆ, ಕುಂಟೆ ನೆಟ್ಟಗೆ ಸಾಗುತ್ತದೆ. ಟ್ಯೂನರ್ ಸರಿಸುವುದೂ ಮಿಣಿಯನ್ನೇ. ಇದು ಹವ್ಯಾಸಿಗಳ ಹುಚ್ಚಿಗೆ ಹುಟ್ಟಿದ ಯಂತ್ರವೂ ಅಲ್ಲ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯನ್ನು ಈ ಭಾಗದ ಮನೆಮನೆಯೂ ಕೇಳಿದೆ. ಮುಂದೆ ಅದು 765 ಕಿಲೋಹರ್ಟ್ಸ್‌ನಲ್ಲಿ, 200 ಕಿಲೋವ್ಯಾಟಿನಲ್ಲಿ ಬಂತು. ಆ ಅಲೆಯ ಉದ್ದ 392 ಮೀಟರ್. ಮಧ್ಯಮ ತರಂಗದ ಯಾವುದೇ ನಿಲಯಕ್ಕೆ ಹೋಗಿ, ಕಂಬದ ಬುಡದಲ್ಲಿ ಬೀಗ ಹಾಕಿದ ಒಂದು ಚಿಕ್ಕ ಕೋಣೆ ಇರುತ್ತದೆ. ಕಂಬವನ್ನು ಟ್ರಾನ್ಸ್‌ಮಿಟರಿಗೆ ಹೊಂದಿಸುವ ಟ್ಯೂನರ್ ಅದೇ; ಒಳಗೆ ಆಳೆತ್ತರದ ತಾಮ್ರದ ಕಾಯಿಲುಗಳು. ಕೃಷಿರಂಗದ ಮಾತಾಗಲಿ, ಪ್ರದೇಶ ಸಮಾಚಾರವಾಗಲಿ ಅಂಥದೊಂದು ಕೋಣೆ ದಾಟಿಕೊಂಡೇ ಹೊಲಗಳಿಗೆ ಬಂದದ್ದು.

ಈಗ ಲೆಕ್ಕಕ್ಕೆ ಬರೋಣ, ಏಕೆಂದರೆ ಈ ವಾದ ನಿಲ್ಲುವುದೂ ಬೀಳುವುದೂ ಲೆಕ್ಕದ ಮೇಲೆ. 7 ಮೆಗಾಹರ್ಟ್ಸ್‌ಗೆ ಬೇಕಾದ ಅರ್ಧ ತರಂಗದ ಡೈಪೋಲ್, ಅಂದರೆ ನಡುವಿನಲ್ಲಿ ಪವರ್ ಉಣಿಸುವ ತಂತಿ, ಸುಮಾರು 20 ಮೀಟರ್ ಉದ್ದ. ಅದೇ ತಂತಿಯನ್ನು 3.6 ಮೆಗಾಹರ್ಟ್ಸ್‌ನಲ್ಲಿ ದುಡಿಸಲು ಹೋದರೆ ಅದು ಬೇಕಾದದ್ದರ ಅರ್ಧದಷ್ಟೇ ಆಗುತ್ತದೆ. ಆಗ ನಿಜವಾಗಿ ಅಲೆ ಬಿಡುವ ಓಮ್ ಸುಮಾರು 13ಕ್ಕೆ ಕುಸಿದು, ಅದರ ಹೆಗಲೇರಿ ಕೆಪಾಸಿಟರಿನಂತೆ ವರ್ತಿಸುವ ಸುಮಾರು 1000 ಓಮ್ ಕೂರುತ್ತದೆ. ಲೆಕ್ಕ ಸರಳವಾಗಲೆಂದು ಟ್ಯೂನರ್ ತಂತಿಯ ನಡುವಿಗೇ ಕೂತಿದೆ ಎಂದುಕೊಳ್ಳೋಣ. 13 ಓಮಿಗೆ 100 ವ್ಯಾಟ್ ಉಣಿಸಬೇಕಾದರೆ 2.8 ಆಂಪಿಯರ್ ಹರಿಯಬೇಕು. ಅದೇ ಕರೆಂಟು 1000 ಓಮ್ ದಾಟುವಾಗ 2800 ವೋಲ್ಟ್ ಏಳುತ್ತದೆ. ಅಲೆಯ ತುದಿಯಲ್ಲಿ ಹತ್ತಿರ ಹತ್ತಿರ 4000. ಬರೀ ನೂರು ವ್ಯಾಟಿಗೆ! ಒಣಗಾಳಿ ತಡೆಯುವುದು ಮಿಲಿಮೀಟರಿಗೆ ಸುಮಾರು 3000 ವೋಲ್ಟ್. ಹಳೇ ವಾಲ್ವ್ ರೇಡಿಯೋದ ಗ್ಯಾಂಗ್ ಕಂಡೆನ್ಸರಿನ ಹಾಳೆಗಳ ನಡುವಿನ ಸಂದು ಅರ್ಧ ಮಿಲಿಮೀಟರಿನ ಆಸುಪಾಸು. ಅದನ್ನು ಇಲ್ಲಿ ಕಟ್ಟಿದರೆ ಚಟಚಟ ಎಂದು ಕಿಡಿ ಹಾರುವುದು ಗ್ಯಾರಂಟಿ. ದೊಡ್ಡ ಟ್ಯೂನರಿನ ಹಾಳೆಗಳು ಅಷ್ಟು ದೂರ ದೂರ ನಿಂತಿರುವುದು, ಪೆಟ್ಟಿಗೆ ಅಷ್ಟು ಅಗಲವಾಗಿರುವುದು ಎರಡೂ ಈ ವೋಲ್ಟೇಜಿಗಾಗಿ. ಕಾಯಿಲಿನ ಕಥೆ ಇನ್ನೂ ಹೇಳುವಂಥದ್ದು. ಆ 1000 ಓಮನ್ನು ರದ್ದು ಮಾಡಲು ಕಾಯಿಲು ಅಷ್ಟೇ ಓಮನ್ನು ತಿರುಗಿ ಕೊಡಬೇಕು, ಆದರೆ ಯಾವ ಕಾಯಿಲೂ ಪುಕ್ಕಟೆ ಕೆಲಸ ಮಾಡುವುದಿಲ್ಲ. ಸಣ್ಣ ತಂತಿ ಸುತ್ತಿದ, ಗುಣಾಂಕ 100ರ ಕಾಯಿಲು, ಅಂದರೆ ಕೊಡುವ ಓಮಿನ ನೂರರಲ್ಲಿ ಒಂದು ಪಾಲು ನುಂಗುವಂಥದ್ದು, 10 ಓಮನ್ನು ತಾನೇ ತಿನ್ನುತ್ತದೆ. ನೂರು ವ್ಯಾಟಿನಲ್ಲಿ 43 ವ್ಯಾಟ್ ಪೆಟ್ಟಿಗೆಯೊಳಗೇ ಬಿಸಿಯಾಗಿ ಹೋಗುತ್ತದೆ. ದಪ್ಪ ತಾಮ್ರದ, ದೊಡ್ಡ ವ್ಯಾಸದ, ಗುಣಾಂಕ 300ರ ಕಾಯಿಲು ತಿನ್ನುವುದು 3.3 ಓಮ್, ಆಗ ಹೋಗುವುದು 20 ವ್ಯಾಟ್ ಮಾತ್ರ. ಸಾವಿರ ವ್ಯಾಟಿನ ಧಣಿಗೆ ಅರ್ಧ ಸೋರಿದರೂ ಐನೂರು ಉಳಿಯುತ್ತದೆ. ಐವತ್ತೇ ವ್ಯಾಟಿರುವ ರಿಸ್ಟ್ರಿಕ್ಟೆಡ್ ದರ್ಜೆಯವನಿಗೆ ಅಷ್ಟು ಸೋರಿದರೆ ಏನು ಉಳಿದೀತು? ಕಾಯಿಲಿನ ದಪ್ಪ ಯಾರಿಗೆ ಹೆಚ್ಚು ಬೇಕು ಎಂಬುದು ಇಲ್ಲೇ ತೀರ್ಮಾನವಾಯಿತು. ಅಂದಹಾಗೆ, ಮುಖದ ಮೇಲೆ ಬರೆದ ವ್ಯಾಟ್ ಸಂಖ್ಯೆ ಹೊಂದಿಕೊಳ್ಳುವ ಸುಲಭದ ತಂತಿಗಳನ್ನು ನೆನೆದು ಬರೆದದ್ದು. ಮೂರು ಸಾವಿರದ ಪೆಟ್ಟಿಗೆ ಐನೂರಕ್ಕೇ ಕಿಡಿ ಹಾರಿಸಿತು ಎಂದು ಇಟ್ಟುಕೊಂಡವರು ಗೊಣಗಿದರೆ ಆಶ್ಚರ್ಯಪಡಬೇಕಿಲ್ಲ.

ಟ್ಯೂನರ್ ಆಂಟೆನಾವನ್ನು ಸರಿಪಡಿಸುವುದೇ ಇಲ್ಲ, ಟ್ರಾನ್ಸ್‌ಮಿಟರಿಗೆ ಸುಳ್ಳು ಹೇಳಿ ಸಮಾಧಾನ ಮಾಡುತ್ತದೆ ಅಷ್ಟೇ ಎನ್ನುವ ಆಕ್ಷೇಪ ಹಳೆಯದು, ಮತ್ತು ಅರ್ಧ ನಿಜ. ವಾಲ್ಟರ್ ಮ್ಯಾಕ್ಸ್‌ವೆಲ್ ಎಂಬ ಅಮೆರಿಕದ ಎಂಜಿನಿಯರ್ 1973ರಿಂದ ಬರೆದ ಲೇಖನಮಾಲೆಯಲ್ಲಿ ಉಳಿದರ್ಧವನ್ನು ಬಿಡಿಸಿಟ್ಟರು: ತಂತಿಯಿಂದ ತಿರುಗಿ ಬಂದ ಪವರ್ ಸುಟ್ಟು ಹೋಗುವುದಿಲ್ಲ, ಟ್ಯೂನರಿನಿಂದ ಮತ್ತೆ ಮುಂದಕ್ಕೆ ಹೋಗುತ್ತದೆ, ನಷ್ಟವಾಗುವುದು ಹೋಗಿ ಬರುವ ದಾರಿಯಲ್ಲಿ. ದಾರಿ ಕೆಟ್ಟದ್ದಾದರೆ ಮಾತ್ರ ಆಕ್ಷೇಪಕ್ಕೆ ಬಲ. ನಮ್ಮ ಆ ಗಿಡ್ಡ ಡೈಪೋಲಿಗೆ 30 ಮೀಟರ್ ತೆಳುವಾದ ಕೋಆಕ್ಸಿಯಲ್ ಕೇಬಲ್ ಕಟ್ಟಿದರೆ ನೂರರಲ್ಲಿ ಒಂದು ವ್ಯಾಟ್ ಕೂಡ ತಂತಿ ಮುಟ್ಟುವುದಿಲ್ಲ. ಮೀಟರ್ ಮಾತ್ರ ಎಲ್ಲಾ ಸರಿಯಿದೆ ಎಂದು ತೋರಿಸುತ್ತಿರುತ್ತದೆ! ಅದೇ ಜಾಗದಲ್ಲಿ ಕಡ್ಡಿಗಳಿಂದ ಬೇರೆ ಮಾಡಿದ ಎರಡು ಬಿಡಿ ತಂತಿಗಳ ಫೀಡರ್ ಎಳೆದರೆ ಅರ್ಧಕ್ಕಿಂತ ಹೆಚ್ಚೇ ತಲುಪುತ್ತದೆ. ಟ್ಯೂನರನ್ನು ಬೈಯುವವರಲ್ಲಿ ಬಹಳ ಮಂದಿ ಬೈಯಬೇಕಾದದ್ದು ಕೇಬಲ್ಲನ್ನು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ತಂತಿಯನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಕಟ್ಟಿದರೆ ಟ್ಯೂನರ್ ಯಾಕೆ ಬೇಕು? ಬೀಳಗಿಯ ಎರೆಹೊಲದ ನಡುವೆ, ಸುತ್ತ ಕಬ್ಬು, ಎರಡು ಬೇವಿನ ಮರ ಇರುವ ತೋಟದ ಮನೆಯವರಿಗೆ ನಾನೂ ಅದನ್ನೇ ಹೇಳುತ್ತೇನೆ. 40 ಮೀಟರ್ ತಂತಿ ಎಳೆಯಿರಿ, ಟ್ಯೂನರಿನ ದುಡ್ಡು ಉಳಿಸಿರಿ. ಅಲ್ಲೂ ಒಂದು ತಕರಾರು ಇದ್ದೇ ಇದೆ. ಐದಾರು ಮೀಟರ್ ಎತ್ತರದಲ್ಲಿ ತೂಗುವ ತಂತಿಗೆ ಕೆಳಗಿನ ನೆಲವೂ ಆಂಟೆನಾದ ಒಂದು ಭಾಗವೇ. ಮಳೆಗಾಲದಲ್ಲಿ ನೀರು ಕುಡಿದ ಎರೆಮಣ್ಣು ಬೇರೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟ ಎರೆಮಣ್ಣು ಬೇರೆ; ತಂತಿಯ ಓಮೂ ಅದರ ಜೊತೆ ಬದಲಾಗುತ್ತದೆ. ಆದರೆ ರಬಕವಿ–ಬನಹಟ್ಟಿಯ ಓಣಿಗೆ ಬನ್ನಿ. ಮನೆಗೆ ಮನೆ ಅಂಟಿಕೊಂಡಿದೆ, ಒಳಗೆ ಮಗ್ಗ, ಮೇಲೆ ಮಾಳಿಗೆ. ಅಲ್ಲಿ 20 ಮೀಟರ್ ಸಿಕ್ಕರೆ ಪುಣ್ಯ. 40 ಮೀಟರ್ ಬೇಕೆಂದರೆ ಮೂರು ಮನೆಯವರ ಒಪ್ಪಿಗೆ ಕೇಳಬೇಕು. ಹಾಗಾದರೆ 7 ಮೆಗಾಹರ್ಟ್ಸ್‌ನಲ್ಲೇ ತೃಪ್ತಿಪಟ್ಟರಾಯಿತಲ್ಲ ಎಂದೀರಿ. ಹಗಲಿಗೆ ಸರಿ. ಜಮಖಂಡಿಯಿಂದ ಬೆಂಗಳೂರು ನೇರ ಗೆರೆ ಎಳೆದರೆ 450 ಕಿಲೋಮೀಟರಿನ ಮೇಲೆ. ಅಷ್ಟು ದೂರಕ್ಕೆ ಅಲೆ ಹೆಚ್ಚುಕಡಿಮೆ ನೆತ್ತಿಯ ಮೇಲೆ ಏರಿ, ಅಯಾನುಗೋಳಕ್ಕೆ ತಾಗಿ ಇಳಿಯಬೇಕು. ರಾತ್ರಿ ಬೆಳೆದಂತೆ ಆ ಪದರ ತೆಳುವಾಗುತ್ತದೆ. ಸೂರ್ಯನ ಕಲೆಗಳು ಕಡಿಮೆಯಿರುವ ವರ್ಷಗಳಲ್ಲಿ ಬೆಳಗಿನ ಜಾವ 7 ಮೆಗಾಹರ್ಟ್ಸ್ ಅಲೆ ಅದನ್ನು ತೂರಿಕೊಂಡು ಹೋಗೇಬಿಡುತ್ತದೆ. ಆಗ 3.5 ಮೆಗಾಹರ್ಟ್ಸಿಗೆ ಇಳಿಯದೆ ಗತಿಯಿಲ್ಲ. ಇದು ಬರೀ ಹರಟೆಯ ಅನುಕೂಲವೂ ಅಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಈ ತಾಲ್ಲೂಕುಗಳ ದಂಡೆಯ ಹಳ್ಳಿಗಳು ನೀರು ಕಂಡವು. ನೀರು ಏರುವುದಕ್ಕೆ ಹಗಲು ರಾತ್ರಿ ಎಂಬುದಿಲ್ಲ, ಕರೆಂಟು ಹೋದ ಮೇಲೆ ಮೊಬೈಲ್ ಟವರಿನ ಆಯುಷ್ಯ ಅದರ ಬ್ಯಾಟರಿ, ಡೀಸೆಲ್ ಇರುವಷ್ಟೇ. 2004ರ ಸುನಾಮಿಯಲ್ಲಿ, ಹವ್ಯಾಸಕ್ಕೆಂದು ಅಂಡಮಾನಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರಿನಿಂದ ಸುದ್ದಿ ದಾಟಿಸಿದ್ದು ಇಂಥದೇ ಸೆಟ್ಟುಗಳಿಂದ. ಬ್ಯಾಟರಿಯ ಮೇಲೆ ನಡೆಯುವ ಸೆಟ್ಟಿನ ಒಂದೊಂದು ವ್ಯಾಟಿಗೂ ಬೆಲೆಯಿರುವ ಹೊತ್ತಿನಲ್ಲಿ ಅರ್ಧವನ್ನು ಕಾಯಿಲಿಗೆ ಉಣಿಸುವುದು ಯಾವ ಜಾಣತನ?

ಈಗಿನ ಸೆಟ್ಟುಗಳಲ್ಲಿ ತಾನೇ ಹೊಂದಿಸಿಕೊಳ್ಳುವ ಟ್ಯೂನರ್ ಒಳಗೇ ಇರುತ್ತದೆ, ಗುಂಡಿ ಒತ್ತಿದರೆ ನಾಲ್ಕು ಸೆಕೆಂಡಿನ ಕೆಲಸ ಎನ್ನುವವರಿಗೆ ಎರಡು ಉತ್ತರಗಳಿವೆ. ಒಳಗಿನ ಟ್ಯೂನರುಗಳು ಸಾಮಾನ್ಯವಾಗಿ 3:1 ಎಸ್‌ಡಬ್ಲ್ಯೂಆರ್ (ಹೊಂದಿಕೆ ಎಷ್ಟು ಕೆಟ್ಟಿದೆ ಎಂಬುದರ ಅಳತೆ, 1:1 ಎಂದರೆ ಪೂರ್ತಿ ಹೊಂದಿಕೆ) ದಾಟಿದರೆ ಕೈಯೆತ್ತುತ್ತವೆ. ನಮ್ಮ ಗಿಡ್ಡ ತಂತಿ ಅದರ ನೂರಾರು ಪಟ್ಟು ಆಚೆಗಿದೆ. ಎರಡನೆಯದು ನನಗೆ ಹೆಚ್ಚು ಪ್ರಿಯವಾದದ್ದು. ಎರಡು ಕೆಪಾಸಿಟರ್, ಒಂದು ಕಾಯಿಲ್ ಇರುವ ಟ್ಯೂನರಿನಲ್ಲಿ ಮೀಟರಿನ ಮುಳ್ಳನ್ನು 1:1ಕ್ಕೆ ತರುವ ದಾರಿ ಒಂದಲ್ಲ, ಹಲವು. ಮೀಟರಿಗೆ ಎಲ್ಲವೂ ಒಂದೇ, ತಂತಿಗೆ ಅಲ್ಲ. ಕಾಯಿಲನ್ನು ಹೆಚ್ಚು ಸೇರಿಸಿ, ಕೆಪಾಸಿಟರನ್ನು ಕಡಿಮೆ ಮಾಡಿ ಹೊಂದಿಸಿದರೆ ಒಳಗೆ ಸುಮ್ಮನೆ ಸುತ್ತುವ ಕರೆಂಟು ಹೆಚ್ಚಿ ಬಿಸಿ ಏರುತ್ತದೆ. ಕೆಪಾಸಿಟರುಗಳು ಆದಷ್ಟು ಮುಚ್ಚಿರಬೇಕು, ಕಾಯಿಲು ಆದಷ್ಟು ಕಡಿಮೆ ಇರಬೇಕು. ಕೈಗೆ ಗೊತ್ತಿರುವ ಈ ನಿಯಮ ಮುಳ್ಳೊಂದನ್ನೇ ನೋಡುವ ಯಂತ್ರಕ್ಕೆ ಗೊತ್ತಿರಲೇಬೇಕೆಂದಿಲ್ಲ. ರೋಲರ್ ಕಾಯಿಲಿನ ಸುಖ ಇಲ್ಲೇ ಇರುವುದು. ಬೆಳ್ಳಿ ಲೇಪದ ಸುತ್ತುಗಳ ಮೇಲೆ ಪುಟ್ಟ ಗಾಲಿ ಉರುಳುತ್ತದೆ, ಸುತ್ತೆಣಿಕೆ ಒಂದೊಂದೇ ಅಂಕಿ ಮುಂದೆ ಸರಿಯುತ್ತದೆ, ಮೊದಲು ಕಿವಿಯೇ ಮೀಟರ್: ಬ್ಯಾಂಡಿನ ಭೋರ್ಗರೆತ ಯಾವ ಕಡೆ ಉಬ್ಬುತ್ತದೋ ಆ ಕಡೆ ತಿರುಗಿಸಬೇಕು. ಆಮೇಲೆ ಹತ್ತು ವ್ಯಾಟಿನಲ್ಲಿ ಮುಳ್ಳು ನೋಡಿ ತಿದ್ದಬೇಕು, ಪೂರ್ತಿ ಪವರ್ ಕೊನೆಗೆ. ಪವರ್ ಹರಿಯುತ್ತಿರುವಾಗ ಬ್ಯಾಂಡ್ ಸ್ವಿಚ್ಚಿಗೆ ಕೈ ಹಾಕಿದವನ ಸ್ವಿಚ್ಚು ಬಹಳ ದಿನ ಬಾಳುವುದಿಲ್ಲ. ಬೆಳ್ಳಿಯನ್ನೂ ಆಡಂಬರ ಎನ್ನಬೇಡಿ: 3.6 ಮೆಗಾಹರ್ಟ್ಸ್‌ನಲ್ಲಿ ಕರೆಂಟು ಲೋಹದ ಮೇಲ್ಮೈಯಲ್ಲಿ ಒಂದು ಮಿಲಿಮೀಟರಿನ ನೂರರ ಮೂರ್ನಾಲ್ಕು ಪಾಲಿನಷ್ಟು ಆಳದಲ್ಲೇ ಹರಿಯುತ್ತದೆ. ಒಳಗಿನ ತಿರುಳಿಗೆ ಕೆಲಸವೇ ಇಲ್ಲ.

ತಿರುಳಿಗೆ ಕೆಲಸವಿಲ್ಲ ಎಂಬ ಮಾತೇ ಬೆಲೆಯ ಆಕ್ಷೇಪಕ್ಕೂ ಉತ್ತರ. ಹೊರದೇಶದ ಟ್ಯೂನರಿಗೆ ಅದರ ಬೆಲೆ, ಹಡಗಿನ ಬಾಡಿಗೆ, ಸುಂಕ ಸೇರಿಸಿದರೆ ಅದು ಹಲವರ ಸೆಟ್ಟಿನ ಬೆಲೆಯನ್ನೇ ಮುಟ್ಟುತ್ತದೆ, ಒಪ್ಪಿದೆ. ಆದರೆ ಪೊಳ್ಳು ನಳಿಕೆಯೂ ಗಟ್ಟಿ ಸರಳಿನಷ್ಟೇ ಒಳ್ಳೆಯ ಕಾಯಿಲಾಗುತ್ತದೆ, ಮತ್ತು ಫ್ರಿಜ್ ರಿಪೇರಿಯವರ ಬಳಿ ತಾಮ್ರದ ನಳಿಕೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ರೋಲರ್ ಇಲ್ಲದಿದ್ದರೆ ಸುತ್ತಿನಿಂದ ಸುತ್ತಿಗೆ ಕಚ್ಚಿಸುವ ಕ್ಲಿಪ್ಪು ಸಾಕು; ತಿದ್ದುವುದು ನಿಧಾನ, ಸೋರಿಕೆ ಇನ್ನೂ ಕಡಿಮೆ. ಹೆಚ್ಚು ವೋಲ್ಟ್ ತಡೆಯುವ ಕೆಪಾಸಿಟರಿಗೆ ದಪ್ಪ ಕೋಆಕ್ಸಿಯಲ್ ಕೇಬಲ್ಲಿನ ತುಂಡೇ ಆಗುತ್ತದೆ, ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಕತ್ತರಿಸುತ್ತ ಹೋದರೆ ಬೇಕಾದಲ್ಲಿ ನಿಲ್ಲುತ್ತದೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ಬಿಟ್ಎಕ್ಸ್ ಸೆಟ್ಟಿನ ನಕಾಶೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟ ಮೇಲೆ ಏಳೆಂಟು ವ್ಯಾಟಿನ ಟ್ರಾನ್ಸ್‌ಮಿಟರನ್ನು ಮನೆಯಲ್ಲೇ ಕಟ್ಟುವವರು ಈ ದೇಶದಲ್ಲಿ ಬೇಕಾದಷ್ಟಾದರು. ಅಂಥ ಸೆಟ್ಟಿಗೆ ಬೆಂಕಿಪೊಟ್ಟಣದಷ್ಟು ಟ್ಯೂನರ್ ಸಾಕೆನ್ನುವುದು ವೋಲ್ಟಿನ ಲೆಕ್ಕದಲ್ಲಿ ಸರಿ, ಸೋರಿಕೆಯ ಲೆಕ್ಕದಲ್ಲಿ ತಪ್ಪು. ಏಳರಲ್ಲಿ ಮೂರು ಹೋದರೆ ಉಳಿಯುವುದು ನಾಲ್ಕು. ಮಗ್ಗದ ಊರುಗಳಲ್ಲಿ ಲೇತ್ ಇಟ್ಟವರಿಗೆ ಬರ ಇಲ್ಲ. ಮಗ್ಗದ ಬಿಡಿಭಾಗ ಕಡೆಯುವ ಕೈಗೆ ಕಾಯಿಲಿನ ದಂಡ, ಫೀಡರಿನ ಕಡ್ಡಿ, ಹಿಡಿ ಯಾವ ಲೆಕ್ಕ.

ಒಂದು ಕಡೆ ಮಾತ್ರ ನನ್ನ ವಾದ ಸೋಲುತ್ತದೆ, ಸೋಲಲೂಬೇಕು. ಬರೀ ಕೇಳುವವರಿಗೆ ಇದ್ಯಾವುದೂ ಬೇಡ. 10 ಮೆಗಾಹರ್ಟ್ಸಿನ ಕೆಳಗೆ ಆಂಟೆನಾ ಹಿಡಿದು ತರುವ ಗದ್ದಲವೇ ಸೆಟ್ಟಿನ ಸ್ವಂತ ಗದ್ದಲಕ್ಕಿಂತ ಎಷ್ಟೋ ಹೆಚ್ಚು. ದೂರದ ಸಿಡಿಲು, ಓಣಿಯ ಪವರ್‌ಲೂಮ್, ಎಲ್‌ಇಡಿ ಬಲ್ಬು, ಪಂಪ್‌ಸೆಟ್ಟಿನ ಸ್ಟಾರ್ಟರ್ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಟ್ಯೂನರಿನಲ್ಲಿ ಅರ್ಧ ಸೋರಿದರೆ ಮಾತೂ ಅರ್ಧವಾಗುತ್ತದೆ, ಗದ್ದಲವೂ ಅರ್ಧವಾಗುತ್ತದೆ. ಕಿವಿಗೆ ಬೀಳುವುದರಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಪರವಾನಗಿ ಪರೀಕ್ಷೆಗೆ ಇನ್ನೂ ಓದುತ್ತಿರುವ ಹುಡುಗ ಹುಡುಗಿಯರು ಕಟ್ಟಿಗೆಯ ಹಲಗೆಯ ಮೇಲೆ ಗುಜರಿಯ ಗ್ಯಾಂಗ್ ಕಂಡೆನ್ಸರ್ ಕೂರಿಸಿ, ಔಷಧದ ಡಬ್ಬಿಗೆ ಎನಾಮೆಲ್ ತಂತಿ ಸುತ್ತಿಕೊಂಡು ಕೇಳುತ್ತ ಕೂರಲಿ. ಅದರಲ್ಲಿ ಕಿಡಿ ಹಾರುವುದು ಅವರು ಮಾತಾಡಲು ಶುರುಮಾಡಿದ ದಿನವೇ.