ಹುಳುವಿನ ಮನೆಯ ಕೂಸು

ಮರಳವಾಡಿಯ ಕಡೆ ರೇಷ್ಮೆ ಸಾಕುವ ಮನೆಗೆ ಹೋದವರು ಬಾಗಿಲಲ್ಲಿಯೇ ನಿಲ್ಲಬೇಕಾಗುವುದುಂಟು. ಕಾಲು ತೊಳೆಯದೆ ಒಳಗೆ ಬಿಡುವುದಿಲ್ಲ. ಬಾಯಲ್ಲಿ ಹೊಗೆಸೊಪ್ಪಿದ್ದರೆ ನೆಂಟನಿಗೂ ಜಗಲಿಯೇ ಗತಿ. ಹೊಗೆ, ಘಾಟು, ಸೆಕೆ, ಯಾವುದೂ ಹುಳುವಿಗೆ ಆಗದು. ಎಳೆಯ ಹುಳುವಿಗೆ 27-28 ಡಿಗ್ರಿ ಶಾಖ ಬೇಕು. ಬಲಿತುದಕ್ಕೆ 24-25 ಸಾಕು. ಇಷ್ಟಾದರೂ ಹುಳುವನ್ನು ಹಟಮಾರಿಯೆಂದು ಯಾರೂ ಬೈದುದಿಲ್ಲ.

ಅಂತಹ ಒಂದು ಮನೆಯಲ್ಲಿ ನಾಲ್ಕು ವರ್ಷದ ಹುಡುಗನೊಬ್ಬನಿದ್ದನು. ಮಿಕ್ಸಿ ತಿರುಗಿದರೆ ಕಿವಿ ಮುಚ್ಚಿಕೊಂಡು ಓಡುವನು. ಹೊಸ ಅಂಗಿಯ ಕೊರಳಪಟ್ಟಿ ತಾಕಿದರೆ ಕಿತ್ತೆಸೆಯುವನು. ಮುದ್ದೆಯಲ್ಲಿ ಒಂದು ಗಂಟು ಸಿಕ್ಕಿತೋ, ಅಂದಿನ ಊಟ ಮುಗಿಯಿತು. ಊರಹಬ್ಬದಲ್ಲಿ ತಮಟೆಯ ಸದ್ದಿಗೆ ನೆಲಕ್ಕೆ ಬಿದ್ದು ಹೊರಳಾಡಿದನು. ನೋಡುತ್ತಿದ್ದವರಲ್ಲಿ ಒಬ್ಬರು ಗಾಳಿ ಸೋಕಿದೆಯೆಂದರು. ಇನ್ನೊಬ್ಬರು ಎರಡೇಟು ಹಾಕಿರೆಂದರು. ತಂದೆ ಹಾಕಿದನು. ಕೂಗು ಇಮ್ಮಡಿಯಾಯಿತು. ತಾಯಿ ಮಗುವನ್ನೆತ್ತಿಕೊಂಡು ಜನರ ನಡುವೆ ತಲೆತಗ್ಗಿಸಿ ನಡೆದಳು. ಆ ಹತ್ತು ಮಾರಿನ ದಾರಿ ಎಷ್ಟು ಉದ್ದವೆಂಬುದನ್ನು ಅಂತಹ ತಾಯಂದಿರೇ ಬಲ್ಲರು.

ಕಣ್ಣು, ಕಿವಿ, ಚರ್ಮಗಳು ತಂದ ಸುದ್ದಿಯನ್ನು ಮಿದುಳು ಅಣಿಗೊಳಿಸಿಕೊಳ್ಳಲಾರದೆ ಹೋದರೆ ನಡತೆಯೂ ಕಲಿಕೆಯೂ ತೊಡಕಾಗುವುವೆಂದು ಅಮೆರಿಕದ ಜೀನ್ ಏರ್ಸ್ ಎಂಬ ವಿದುಷಿ 1972ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಅವರ ಚಿಕಿತ್ಸೆಯ ಫಲವನ್ನು ಕುರಿತ ಚರ್ಚೆ ಇನ್ನೂ ಮುಗಿದಿಲ್ಲ. ಮಗುವಿಗೆ ಆಗುವ ಸಂಕಟ ನಟನೆಯಲ್ಲವೆಂಬುದಕ್ಕೆ ಚರ್ಚೆ ಬೇಕೆ?

ಮನೆಯಲ್ಲಿ ಇದನ್ನು ಮೊದಲು ಕಂಡವಳು ಅಜ್ಜಿ. ಅವಳು ಗ್ರಂಥ ಓದಿದವಳಲ್ಲ, ಹುಳು ಸಾಕಿದವಳು. ರೇಷ್ಮೆಹುಳು ನಾಲ್ಕು ಸಲ ಪೊರೆ ಕಳಚುವುದು. ಅದನ್ನು ರೈತರು ಜ್ವರವೆನ್ನುವರು. ಆಗ ಅದು ತಲೆಯೆತ್ತಿ ಮಿಸುಕದೆ ಕೂರುವುದು. ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಒಂದು ಸಂಜೆ ಹುಡುಗನು ಕಿರುಚುತ್ತಿರಲು, ಮಗನು ಕೈಯೆತ್ತಿದುದನ್ನು ಕಂಡು ಅವಳು, "ಬುಡ್ಲಾ, ಕೂಸು ಜ್ವರಕ್ಕೆ ಕೂತದೆ. ಈಗ ಸೊಪ್ಪಾಕ್ತಾರಾ?" ಎಂದಳು. ಬುದ್ಧಿವಾದವೂ ಅವಳ ಲೆಕ್ಕದಲ್ಲಿ ಸೊಪ್ಪೇ.

ಅಂದಿನಿಂದ ಮಿಕ್ಸಿ ಹಾಕುವ ಮುನ್ನ ಹೇಳಿ ಅವನನ್ನು ಹಿತ್ತಲಿಗೆ ಕಳುಹುವರು. ಹೊಸ ಬಟ್ಟೆಯನ್ನು ನಾಲ್ಕು ಸಲ ಒಗೆದು ಮೆತ್ತಗೆ ಮಾಡಿ ತೊಡಿಸುವರು. ಕೂಗು ಬಂದಾಗ ಅಜ್ಜಿ ದೀಪವಾರಿಸಿ, ಮಾತಿಲ್ಲದೆ ಹತ್ತಿರ ಕೂರುವಳು. ಅವನು ಬೇಕೆಂದರೆ ಕಂಬಳಿ ಹೊದಿಸಿ ಬಿಗಿಯಾಗಿ ಅಪ್ಪುವಳು, ಬೇಡವೆಂದರೆ ಇಲ್ಲ. ಕಾರಣ ಕೇಳುವುದೇನಿದ್ದರೂ ಮರುದಿನ. ಇದು ಮುದ್ದು ಹೆಚ್ಚಾದುದೆಂದೇ ತಂದೆಗೆ ಬಹುಕಾಲ ಅನಿಸಿತ್ತು. ಕೂಗು ನಿಂತುಹೋಯಿತೆಂದಲ್ಲ, ಬರುವುದು, ಆದರೆ ಬೇಗ ಇಳಿಯುವುದು.

ನಾಲ್ಕನೆಯ ಜ್ವರದಿಂದೆದ್ದ ಹುಳು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲಿನ ಸೋನೆಮಳೆಯಂತೆ ಕೇಳುವುದು. ಹುಡುಗನು ಕಾಲು ತೊಳೆದು ಬಂದು ತಟ್ಟೆಗಳ ಬಳಿ ಕೂರುವನು. ಕಿವಿಯ ಮೇಲೆ ಕೈಯಿರದು. ಒಂದು ದಿನ ತಂದೆ ಸೊಪ್ಪಿನ ಹೊರೆಯನ್ನು ದೊಪ್ಪನೆ ಹಾಕಹೊರಟವನು, ಮಗನನ್ನು ಕಂಡು ಮೆಲ್ಲನೆ ಇಳಿಸಿದನು.