ಗಂಗೊಳ್ಳಿಯ ಅಳಿವೆಯಲ್ಲಿ

ಆಷಾಢದ ಮಳೆಯಲ್ಲಿ ಕರಾವಳಿಯ ಪ್ರವಾಸ ಕೈಗೊಳ್ಳುವವರು ವಿರಳ. ಕೊಲ್ಲೂರಿನಿಂದ ಇಳಿದವರೂ ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕೆಯನ್ನೂ ಇನ್ನೊಂದು ಮಗ್ಗುಲಿಗೆ ಸಮುದ್ರವನ್ನೂ ಕಂಡು ಬೆರಗಾಗಿ ಮುಂದೆ ಸಾಗುವುದೇ ವಾಡಿಕೆ. ನಾವು ಮಾತ್ರ ತ್ರಾಸಿಯಲ್ಲಿ ಹೆದ್ದಾರಿ ಬಿಟ್ಟು ಗಂಗೊಳ್ಳಿಯ ದಾರಿ ಹಿಡಿದೆವು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಪಂಚಗಂಗಾವಳಿಯಾಗಿ ಕೂಡಿ ಕಡಲನ್ನು ಸೇರುವುದು ಇಲ್ಲಿಯೇ.

ಬಂದರಿನಲ್ಲಿ ದೊಡ್ಡ ಬೋಟುಗಳು ಒತ್ತೊತ್ತಾಗಿ ನಿಂತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ನಮ್ಮ ರಾಜ್ಯದ ಕಡಲಿನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗಳಿಗೆ ವಿನಾಯಿತಿ. ಹೀಗಾಗಿ ಕಡಲು ಅತ್ಯುಗ್ರವಾಗಿರುವ ತಿಂಗಳುಗಳೇ ಅತಿ ಚಿಕ್ಕ ದೋಣಿಯವರ ದುಡಿಮೆಯ ತಿಂಗಳುಗಳು. ಮತ್ಸ್ಯಾಹಾರ ನಮ್ಮ ಮನೆಗಳ ಪದ್ಧತಿಯಲ್ಲ. ಆದರೆ ಒಂದು ಕಾಯಕದ ಕಷ್ಟಸುಖವನ್ನು ಅರಿಯಲು ಅದೇನೂ ಅಡ್ಡಿಯಾಗದು.

ಇವರಿಗೆ ಬಿರುಗಾಳಿಯೂ ಬೇಕು, ಅದು ತಗ್ಗಲೂ ಬೇಕು. ಮಳೆಗಾಲದ ಮೊದಲಲ್ಲಿ ಕಡಲು ಒಮ್ಮೆ ಚೆನ್ನಾಗಿ ಕದಡುವುದನ್ನು ‘ತೂಫಾನ್’ ಎನ್ನುತ್ತಾರೆ. ಅದಾಗದೆ ಮೀನು ದಡದತ್ತ ಬಾರದೆಂಬುದು ಅವರ ಅನುಭವ. ಮುಂಗಾರಿನ ಗಾಳಿ ಮೇಲಿನ ನೀರನ್ನು ತೀರದಿಂದಾಚೆ ಸರಿಸಿದಂತೆ ಆಳದ ತಣ್ಣೀರು ಪೋಷಕಾಂಶಗಳೊಡನೆ ಮೇಲೇರುತ್ತದೆ, ಸೂಕ್ಷ್ಮ ಸಸ್ಯಗಳು ಹುಲುಸಾಗುತ್ತವೆ, ಅವನ್ನರಸಿ ಬೂತಾಯಿ, ಬಂಗುಡೆಗಳ ಹಿಂಡು ಬರುತ್ತದೆ ಎಂದು ವಿಜ್ಞಾನವೂ ಹೇಳುತ್ತದೆ. ಆದರೆ ಹಿಂಡನ್ನು ತಲುಪಲು ಅಳಿವೆಯನ್ನು ದಾಟಬೇಕಲ್ಲ! ಅಲ್ಲಿ ಹೊರಹರಿಯುವ ನೆರೆನೀರಿಗೆ ಒಳನುಗ್ಗುವ ಅಲೆ ಎದುರಾಗುತ್ತದೆ; ಕೆಳಗೆ ಮರಳಿನ ದಿಬ್ಬ. ದೋಣಿ ಅಲೆಗೆ ಅಡ್ಡ ತಿರುಗಿತೋ, ಮಗುಚಿತು. ಭಾರ ಹೊತ್ತು ಮರಳುವಾಗ ಅಲೆ ಬೆನ್ನಿಗಿರುವುದರಿಂದ ಅಪಾಯ ಇನ್ನೂ ಹೆಚ್ಚು. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತದ ಮುನ್ಸೂಚನೆ ಮೊದಲೇ ದೊರೆತಿತ್ತು. ಅಳಿವೆಯ ಒಂದು ಅಲೆಗೆ ಅಂಥ ಮುನ್ಸೂಚನೆ ಯಾರು ಕೊಡಬೇಕು?

ಮೊದಲ ದಿನ ಮಳೆ ಹೊಳವಾಗಿ ಬಿಸಿಲೂ ಇಣುಕಿತ್ತು. ದೋಣಿಯ ಹಿರಿಯರು ಬಹಳ ಹೊತ್ತು ಅಲೆಗಳನ್ನೇ ನೋಡುತ್ತ ನಿಂತು, “ಹ್ವಾಯ್, ಇವತ್ತ್ ಹೋಪುಕೆ ಆತಿಲ್ಲೆ” ಎಂದುಬಿಟ್ಟರು. ನಾಲ್ಕು ದಿನಗಳಿಂದ ದುಡಿಮೆಯಿರಲಿಲ್ಲ. ಬಲೆ, ಎಂಜಿನ್ನುಗಳ ಸಾಲ ಹೊತ್ತಿದ್ದ ಅವರ ಮಗ ಮುಖ ಗಂಟಿಕ್ಕಿದನು. ಆಚೆ ಎರಡು ದೋಣಿಗಳು ಹೋದವು. ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ತುಂಬ ಬಂಗುಡೆಯೊಡನೆ ಮರಳಿದವು. ಮಗ ತಂದೆಯತ್ತ ತಿರುಗಿ ನೋಡಿದನು. ಹರಿದ ಬಲೆ ಹೆಣೆಯುತ್ತಿದ್ದ ಹಿರಿಯರು ತಲೆಯೆತ್ತದೆ, “ಬಂದ್ರಲ್ದಾ, ಅಷ್ಟ್ ಸಾಕ್” ಎಂದರು.

ಮರುದಿನ ಮೋಡ ಕವಿದಿತ್ತು. ನಮ್ಮ ಕಣ್ಣಿಗೆ ಕಡಲು ಹಿಂದಿನ ದಿನಕ್ಕಿಂತ ಭೀಕರವಾಗಿಯೇ ಕಂಡಿತು. ಆದರೆ ಪಡುವಣ ಗಾಳಿ ತಗ್ಗಿದೆಯೆಂದು ಅಂದು ಅವರೇ ಮೊದಲು ದೋಣಿಗೆ ಕೈಕೊಟ್ಟರು. ದೊಡ್ಡ ಅಲೆಗಳ ಸಾಲೊಂದು ಕಳೆದು ನೀರು ತುಸು ತಣಿದ ಕ್ಷಣದಲ್ಲಿ ದೋಣಿ ನುಗ್ಗಿತು, ಏರಿತು, ಮರೆಯಾಯಿತು, ಮತ್ತೆ ಆಚೆ ಕಂಡಿತು. ಬುಟ್ಟಿ ಹಿಡಿದ ಹೆಂಗಸರು ದಡದಲ್ಲಿ ಮಾತಿಲ್ಲದೆ ನಿಂತಿದ್ದರು. ನಾವು ಮಧ್ಯಾಹ್ನದ ಬಸ್ಸಿಗೆ ಹೊರಟಾಗ ಅದಿನ್ನೂ ಮರಳಿರಲಿಲ್ಲ.